ಓದುಗರ ಪ್ರಶ್ನೆ, ನಮ್ಮ ಉತ್ತರ: ಗಡಿಯ ಆಚೀಚೆ, ಕಡಲ ಬದಿಗೆ ಸೈಕಲ್

ಪ್ರಶ್ನೆ: ಮಂಗಳೂರಿನಿಂದ ಹೊರಟು ಕಾಸರಗೋಡಿನ ಕಡೆ ಗಡಿ ದಾಟಿ ಅದೇ ದಿನ ಮರಳುವಂಥ ದಾರಿ ಬೇಕು. ಹೆದ್ದಾರಿಯಲ್ಲೇ ಹೋಗಿ ಹೆದ್ದಾರಿಯಲ್ಲೇ ಬರಲು ಮನಸ್ಸಿಲ್ಲ. 100 ಕಿ.ಮೀ. ತುಳಿದು ಅಭ್ಯಾಸವಿದೆ. (ಕಂಕನಾಡಿ)

ಉತ್ತರ: ಹಾಗಾದರೆ ಸುಮಾರು 125 ಕಿ.ಮೀ.ಗಳ ಒಂದು ಸುತ್ತು ಇದೆ. ಪಂಪ್‌ವೆಲ್‌ನಿಂದ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ಅಲ್ಲಿ ಎಡಕ್ಕೆ ದೇರಳಕಟ್ಟೆ, ಕೊಣಾಜೆ, ಮುಡಿಪು. ಮುಂದೆ ಬಾಕ್ರಬೈಲು, ಸಾಲೆತ್ತೂರು ಹಾದು ವಿಟ್ಲ. ಈ ತುಂಡಿನಲ್ಲಿ ದಾರಿ ಒಮ್ಮೆ ಕೇರಳಕ್ಕೆ ಹೊಕ್ಕು ಮತ್ತೆ ಹೊರಬರುತ್ತದೆ, ಗಮನಿಸದಿದ್ದರೆ ಗೊತ್ತೇ ಆಗುವುದಿಲ್ಲ. ವಿಟ್ಲದಿಂದ ಉಕ್ಕುಡ, ಅಡ್ಯನಡ್ಕ, ಸಾರಡ್ಕ. ಅಲ್ಲಿಗೆ ಕರ್ನಾಟಕ ಮುಗಿಯಿತು. ಅಡ್ಕಸ್ಥಳ, ಪೆರ್ಲ, ಬದಿಯಡ್ಕ, ಸೀತಾಂಗೋಳಿ ಆಗಿ ಕುಂಬಳೆಗೆ ಇಳಿದರೆ ಕಡಲು. ಅಂದಾಜಿಗೆ ವಿಟ್ಲ 40, ಬದಿಯಡ್ಕ 75, ಕುಂಬಳೆ 95 ಕಿ.ಮೀ. ಉಳಿದದ್ದು ಉಪ್ಪಳ, ಮಂಜೇಶ್ವರ, ತಲಪಾಡಿ ಮೂಲಕ ಮನೆದಾರಿ.

ಹೆಚ್ಚಿನವರು ಇದನ್ನು ತಿರುಗಿಸಿ ತುಳಿಯುತ್ತಾರೆ. ತಂಪು ಹೊತ್ತಿನಲ್ಲಿ ತಲಪಾಡಿಯ ಸಮತಟ್ಟು ದಾರಿ ಮುಗಿಸಿ, ಹನ್ನೊಂದರ ಬಿಸಿಲಿಗೆ ಸರಿಯಾಗಿ ಬದಿಯಡ್ಕದ ಏರುಗಳಿಗೆ ಸಿಕ್ಕಿಬೀಳುತ್ತಾರೆ. ಐದೂವರೆಗೆ ಹೊರಟು ಏರು-ಇಳಿವುಗಳನ್ನು ಮೊದಲು ಮುಗಿಸುವುದೇ ಲೇಸು. ಇದಕ್ಕೆ ತೆರಬೇಕಾದ್ದೂ ಇದೆ. ಮಧ್ಯಾಹ್ನದ ಕಡಲ ಗಾಳಿ ವಾಯವ್ಯದಿಂದ ಬೀಸುತ್ತದೆ, ಕುಂಬಳೆಯಿಂದ ಉತ್ತರಕ್ಕೆ ಅದು ಎದುರುಗಾಳಿ. ಕೊನೆಯ 30 ಕಿ.ಮೀ.ಗೆ ನಿಮ್ಮ ವೇಗದಲ್ಲಿ ಗಂಟೆಗೆ 3-4 ಕಿ.ಮೀ. ಕಳೆದು ಲೆಕ್ಕ ಹಾಕಿ. ನಮ್ಮ ಮಟ್ಟಿಗೆ ಬಿಸಿಲಿಗಿಂತ ಗಾಳಿ ವಾಸಿ.

ಒಳದಾರಿಯಲ್ಲಿ ಘಟ್ಟವಿಲ್ಲ. ಆದರೆ ನಾಲ್ಕು ಕಿ.ಮೀ. ಒಂದೇ ಸಮ ತುಳಿಯುವ ದಾರಿಯೂ ಸಿಗುವುದಿಲ್ಲ. ಗದ್ದೆ-ತೋಟದ ಬೈಲಿಗೆ ಇಳಿ, ಮುರಕಲ್ಲಿನ ಪದವಿಗೆ (ಎತ್ತರದ ಬೋಳು ನೆಲಕ್ಕೆ) ಏರು, ಇಷ್ಟೇ ದಿನವಿಡೀ. ಊರಿನ ಹೆಸರೇ ಸೂಚನೆ ಕೊಡುತ್ತದೆ: ಕೊನೆಗೆ ‘ಬೈಲು’ ಇದ್ದರೆ ಇಳಿದಿದ್ದೀರಿ, ‘ಅಡ್ಕ’, ‘ಪದವು’ ಇದ್ದರೆ ಬಹುಮಟ್ಟಿಗೆ ಏರಿದ್ದೀರಿ. ಇಳಿಜಾರಿನ ಬುಡದಲ್ಲಿ ಕಿರಿದಾದ ಮೋರಿ, ಅದರ ಮೇಲೆ ಮಳೆನೀರು ತಂದು ಹಾಕಿದ ಜಲ್ಲಿ, ದಾಟಿದ ಕೂಡಲೇ ಏರು. ಬ್ರೇಕು ಮೋರಿಗೆ ಮುಂಚೆ, ಗೇರು ಇಳಿಸುವುದೂ ಮುಂಚೆ. ಏರಿನ ನಡುವೆ ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿ ಗೇರು ಬದಲಿಸಿದರೆ ಚೈನು ಕಳಚುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ.

ಕುಂಬಳೆಗೆ ಇಳಿಯುವ ಮುನ್ನ ನಾಯ್ಕಾಪಿನ ಹತ್ತಿರ ಅನಂತಪುರ ಕೆರೆ ದೇವಸ್ಥಾನಕ್ಕೆ ದಾರಿ ಕವಲೊಡೆಯುತ್ತದೆ. ಸುತ್ತಲೂ ಬೋಳು ಮುರಕಲ್ಲು, ನೆರಳು ಕಡಿಮೆ, ಹೋಗುವುದಾದರೆ ಬಾಟಲಿ ತುಂಬಿಸಿಕೊಂಡೇ ಹೋಗಿ. ಕುಂಬಳೆಯಲ್ಲಿ (ಯಕ್ಷಗಾನದವರಿಗೆ ಇದು ಪಾರ್ತಿಸುಬ್ಬನ ಊರು) ಹೊಟ್ಟೆಗೆ ಹಾಕಿಕೊಂಡು ಮುಂದುವರಿಯಿರಿ. ಇಲ್ಲಿಂದ ತಲಪಾಡಿವರೆಗೆ ಆರು ಪಥದ ಹೆದ್ದಾರಿ. ನಿಮ್ಮ ಜಾಗ ಸರ್ವಿಸ್ ರಸ್ತೆ. ಅದು ಎಲ್ಲಾದರೂ ಮುಗಿದು ಹೆದ್ದಾರಿಗೆ ಸೇರಿಕೊಂಡರೆ ನಿಂತು, ಹಿಂದೆ ನೋಡಿ, ಆಮೇಲೆ ಒಳಗೆ ಹೋಗಿ. ಚರಂಡಿ ಮುಚ್ಚಿದ ಕಾಂಕ್ರೀಟ್ ಚಪ್ಪಡಿಗಳ ಮೇಲೆ ತುಳಿಯಬೇಡಿ, ಸಂದಿಯಲ್ಲಿ 25 ಮಿ.ಮೀ. ಟೈರು ಇಳಿಯುತ್ತದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಿದ್ದ ಜಾಗದಲ್ಲೇ ‘ಗಿಳಿವಿಂಡು’ ಸ್ಮಾರಕ ಇದೆ, ಹತ್ತು ನಿಮಿಷ ಕೊಡಬಹುದು.

ಸುಸ್ತಾದರೆ ರೈಲು ಹತ್ತಿಬಿಡೋಣ ಎಂಬ ಯೋಚನೆ ಬೇಡ. ಸೈಕಲ್ ಬ್ರೇಕ್‌ವ್ಯಾನಿಗೆ (ಸಾಮಾನಿನ ಡಬ್ಬಿಗೆ) ಬುಕ್ ಆಗಬೇಕು, ಒಂದೆರಡು ನಿಮಿಷ ನಿಲ್ಲುವ ಸಣ್ಣ ಸ್ಟೇಷನ್ನಿನಲ್ಲಿ ಅದು ಆಗುವ ಕೆಲಸವಲ್ಲ.

ಪ್ರಶ್ನೆ: ನನ್ನ ರೋಡ್ ಬೈಕಿನಲ್ಲಿ ಮುಂದೆ 50-34, ಹಿಂದೆ 11-28 ಹಲ್ಲು. ವಿಟ್ಲದ ಕಡೆಯ ಏರುಗಳಲ್ಲಿ ಮೊಣಕಾಲು ನೋಯುತ್ತದೆ. ಕ್ರ್ಯಾಂಕ್ ಬದಲಿಸಬೇಕೆ? (ಪುತ್ತೂರು)

ಉತ್ತರ: ಕ್ರ್ಯಾಂಕ್ ಹಾಗೇ ಇರಲಿ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 32 ಹಲ್ಲಿನವರೆಗೆ ಇರುವುದಕ್ಕೆ ಬದಲಿಸಿ. ಗಾಲಿಯ ಸುತ್ತಳತೆ 2.1 ಮೀಟರ್ ಎಂದಿಟ್ಟುಕೊಳ್ಳಿ. 34-28ರಲ್ಲಿ (ಮುಂದೆ 34, ಹಿಂದೆ 28) ಪೆಡಲಿನ ಒಂದು ಸುತ್ತಿಗೆ 2.55 ಮೀಟರ್ ಹೋಗುತ್ತೀರಿ, 34-32ರಲ್ಲಿ 2.23. ಗಂಟೆಗೆ 7 ಕಿ.ಮೀ.ನಲ್ಲಿ ಏರುವಾಗ ಮೊದಲನೆಯದರಲ್ಲಿ ನಿಮಿಷಕ್ಕೆ 46 ಸುತ್ತು, ಎರಡನೆಯದರಲ್ಲಿ 52. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆದರೆ 50ರ ಕೆಳಗಿನ ಪ್ರತಿ ತುಳಿತವೂ ಮೊಣಕಾಲಿಗೆ ಭಾರ.

ಕೊಳ್ಳುವ ಮುಂಚೆ ಹಿಂದಿನ ಡಿರೇಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಭಾಗ) ನೋಡಿ. ಗಿಡ್ಡ ಕೇಜ್‌ನವು ಬಹಳಷ್ಟು 28 ಅಥವಾ 30 ಹಲ್ಲಿಗೇ ನಿಲ್ಲುತ್ತವೆ. ಮಾಡೆಲ್ ನಂಬರು ನೋಡಿ ಮಿತಿ ತಿಳಿದುಕೊಳ್ಳಿ. ಚೈನಿನ ಉದ್ದವನ್ನೂ ಅಳೆಯಿರಿ: ಡಿರೇಲರಿನೊಳಗೆ ಹಾಯಿಸದೆ, ಮುಂದಿನ ದೊಡ್ಡ ಚಕ್ರ ಮತ್ತು ಹಿಂದಿನ ದೊಡ್ಡ ಚಕ್ರದ ಸುತ್ತ ನೇರ ಸುತ್ತಿ, ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚಿಗೆ ಇರಬೇಕು. ಹಳೆಯ ಚೈನನ್ನೇ ಉಳಿಸಿದವರು ದೊಡ್ಡದಕ್ಕೆ ದೊಡ್ಡದು ಹಾಕಿದ ಕ್ಷಣ ಡಿರೇಲರ್ ಹ್ಯಾಂಗರ್ (ಅದನ್ನು ಫ್ರೇಮಿಗೆ ತೂಗುಹಾಕುವ ಕೊಂಡಿ) ಮುರಿದುಕೊಳ್ಳುತ್ತಾರೆ. ಕೊನೆಗೆ ಡಿರೇಲರಿನ ಬಿ-ಸ್ಕ್ರೂ ತಿರುಗಿಸಿ, ಮೇಲಿನ ಪುಲ್ಲಿ 32ರ ಹಲ್ಲಿಗೆ ತಾಗದಂತೆ ಮಾಡಿ.

ಜಾಗವಿದ್ದರೆ ಟೈರು 28 ಮಿ.ಮೀ.ಗೆ ಹೋಗಲಿ. 70 ಕೆ.ಜಿ. ತೂಕದವರಿಗೆ ಮುಂದೆ 70, ಹಿಂದೆ 75 ಪಿಎಸ್‌ಐ ಗಾಳಿ ಸಾಕು. ಹರಕು ಡಾಮರಿನಲ್ಲಿ 100 ತುಂಬಿಸಿದರೆ ವೇಗ ಬರುವುದಿಲ್ಲ, ಕುಲುಕಾಟ ಬರುತ್ತದೆ.

ಪ್ರಶ್ನೆ: ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿ ಡಾಮರು ಬಿಟ್ಟು ಮಣ್ಣಿಗಿಳಿದೆ. ಮರಳಿ ಹತ್ತುವಾಗ ಬಿದ್ದೆ. ವೇಗವೇನೂ ಇರಲಿಲ್ಲ. (ಬಂಟ್ವಾಳ)

ಉತ್ತರ: ವೇಗದ ತಪ್ಪಲ್ಲ, ಕೋನದ ತಪ್ಪು. ಮಳೆಗಾಲ ಕಳೆದ ಮೇಲೆ ಡಾಮರಿನ ಅಂಚು ಮಣ್ಣಿಗಿಂತ ಮೂರು-ನಾಲ್ಕು ಇಂಚು ಎತ್ತರ ಉಳಿದಿರುತ್ತದೆ. ಅದಕ್ಕೆ ಸಮಾನಾಂತರವಾಗಿ ಹೋಗುತ್ತಾ ಮೆಲ್ಲಗೆ ಹತ್ತಲು ನೋಡಿದರೆ ಮುಂದಿನ ಟೈರಿನ ಪಕ್ಕ ಅಂಚಿಗೆ ಉಜ್ಜಿಕೊಂಡು ನಿಲ್ಲುತ್ತದೆ, ಮೈ ಮಾತ್ರ ಬಲಕ್ಕೆ ವಾಲುತ್ತದೆ. ನಿಂತು, ಸೈಕಲ್ ಎತ್ತಿ ಇಡಿ. ಅದಕ್ಕಿಂತ ಮೊದಲು, ಅಂಚಿನಿಂದ ಎರಡು ಅಡಿ ಒಳಗೆ ತುಳಿಯುವುದನ್ನು ರೂಢಿಸಿಕೊಳ್ಳಿ. ಬಸ್ಸು ಬಂದಾಗ ಸರಿಯಲು ಡಾಮರಿನ ಮೇಲೇ ಜಾಗ ಇರುತ್ತದೆ.

ಪ್ರಶ್ನೆ: ಮಲ್ಪೆಯಿಂದ ಕಾಪುವಿಗೆ ಹೆದ್ದಾರಿ ಬಿಟ್ಟು ಹೋಗಬಹುದೆ? (ಮಣಿಪಾಲ)

ಉತ್ತರ: ಹೋಗಬಹುದು, ಹೋಗಲೇಬೇಕು. ಮಲ್ಪೆಯ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ದಕ್ಷಿಣಕ್ಕೆ ಮಟ್ಟು, ಕಾಪು. ಎಡಕ್ಕೆ ಉದ್ಯಾವರ ಹೊಳೆ, ಬಲಕ್ಕೆ ಕಡಲು, ನಡುವೆ ಒಂದು ಸಪೂರ ದಾರಿ. ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭ. ಈ ದಾರಿಗೆ ಮಧ್ಯಾಹ್ನವಾದರೂ ಅಡ್ಡಿಯಿಲ್ಲ, ವಾಯವ್ಯದ ಗಾಳಿ ಹಿಂದಿನಿಂದ ತಳ್ಳುತ್ತದೆ. ಹಾಗೆಂದು ಅದೇ ದಾರಿಯಲ್ಲಿ ಸಂಜೆ ಮರಳುವ ಲೆಕ್ಕ ಹಾಕಬೇಡಿ. ಹಾರಿಬಂದ ಮರಳು ಡಾಮರಿನ ಮೇಲೆ ತೆಳ್ಳಗೆ ಹರಡಿರುವಲ್ಲಿ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಹಿಡಿಯದೆ ದಾಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ್ಕೊರೆತದ ಸುದ್ದಿ ವಿಚಾರಿಸಿಯೇ ಹೊರಡಿ.

ಪ್ರಶ್ನೆ: ಕಡಲ ದಾರಿಯಲ್ಲಿ ಹೋಗಿಬಂದ ಮರುದಿನವೇ ಚೈನಿಗೆ ತುಕ್ಕು. ತೆಂಗಿನೆಣ್ಣೆ ಹಚ್ಚಿದರೂ ನಿಲ್ಲಲಿಲ್ಲ. (ಕುಂದಾಪುರ)

ಉತ್ತರ: ತೆಂಗಿನೆಣ್ಣೆ ತಲೆಗಿರಲಿ. ಚೈನಿನಲ್ಲಿ ಅದು ಕೆಲವೇ ದಿನಕ್ಕೆ ಅಂಟಾಗಿ ಕೆಂಪು ಧೂಳನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಅದು ಅರೆಯುವ ಹಿಟ್ಟೇ ಸರಿ. ಬಂದ ಸಂಜೆಯೇ ಸಿಹಿನೀರಲ್ಲಿ ತೊಳೆಯಿರಿ. ಹಬ್ಬಿಗೂ (ಗಾಲಿಯ ನಡು) ಬಾಟಮ್ ಬ್ರಾಕೆಟ್ಟಿಗೂ (ಪೆಡಲಿನ ಅಚ್ಚು ತಿರುಗುವ ಜಾಗ) ಪೈಪಿನ ರಭಸದ ನೀರು ಬಿಡಬೇಡಿ, ಗ್ರೀಸು ಹೋಗಿ ಉಪ್ಪುನೀರು ಒಳಗೆ ಸೇರುತ್ತದೆ. ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪ್ರತಿ ರೋಲರಿಗೆ ಒಂದೇ ತೊಟ್ಟು ಚೈನ್ ಆಯಿಲ್. ಹತ್ತು ನಿಮಿಷ ಬಿಟ್ಟು ಹೊರಗಿನದ್ದನ್ನೆಲ್ಲ ಒರೆಸಿ ತೆಗೆಯಿರಿ, ಕೆಲಸ ಮಾಡುವುದು ಒಳಗಿನ ಎಣ್ಣೆ.

ತಿಂಗಳಿಗೊಮ್ಮೆ ಉಕ್ಕಿನ ಸ್ಕೇಲ್ ಹಿಡಿದು ನೋಡಿ. ಒಂದು ಪಿನ್ನಿನ ನಡುವಿನಿಂದ 12 ಇಂಚಿಗೆ ಇನ್ನೊಂದು ಪಿನ್ನಿನ ನಡು ಸರಿಯಾಗಿ ಕೂರಬೇಕು. 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. 1/8 ಆಗುವವರೆಗೆ ಕಾದರೆ ಕ್ಯಾಸೆಟ್ಟಿಗೂ ದುಡ್ಡು ಬಿಚ್ಚಬೇಕು. ಸೀಟ್‌ಪೋಸ್ಟ್ ವರ್ಷಕ್ಕೆರಡು ಸಲ ಹೊರಗೆ ಎಳೆದು ಗ್ರೀಸು ಹಚ್ಚಿ. ಅಲ್ಯೂಮಿನಿಯಂ ಪೋಸ್ಟು ಉಕ್ಕಿನ ಫ್ರೇಮಿನಲ್ಲಿ ಉಪ್ಪುಗಾಳಿಗೆ ಕಚ್ಚಿಕೊಂಡರೆ ಮತ್ತೆ ಬರುವುದು ಕಷ್ಟ. ಕಾರ್ಬನ್ ಪೋಸ್ಟಿಗೆ ಮಾತ್ರ ಗ್ರೀಸು ಬೇಡ, ಅದಕ್ಕೆಂದೇ ಬರುವ ಪೇಸ್ಟ್ ಬಳಸಿ.

ಪ್ರಶ್ನೆ: ಕಾರವಾರದಿಂದ ಗೋವಾದ ಪಾಲೊಳೆಂವರೆಗೆ ಸೈಕಲ್‌ಗೆ ದಾರಿ ಹೇಗೆ? ಗಡಿಯಲ್ಲಿ ಕಾಗದಪತ್ರ ಬೇಕೆ? (ಅಂಕೋಲಾ)

ಉತ್ತರ: ಸೈಕಲ್ಲಿಗೆ ಕಾಗದ ಬೇಡ, ನಿಮ್ಮ ಗುರುತಿನ ಚೀಟಿ ಜೇಬಲ್ಲಿರಲಿ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿರುವುದರಿಂದ ಹಳೆಯ ನಕ್ಷೆ ನಂಬಬೇಡಿ. ಸದಾಶಿವಗಡ, ಮಾಜಾಳಿ ದಾಟಿ ಪೊಳೆಂ ಗಡಿ. ಅಲ್ಲಿಯವರೆಗೆ ಸಲೀಸು, ಲೋಲಿಯೆಂ ಕಡೆಗೆ ಏರು. ಕಾಣಕೋಣದ ಬೈಪಾಸ್ ಸೇತುವೆಗಳು ಅಗಲವಾಗಿವೆ, ಆದರೆ ಅಡ್ಡಗಾಳಿ ಜೋರು. ಗಾಲ್ಜಿಬಾಗ ಕಡಲಾಮೆಗಳು ಮೊಟ್ಟೆಯಿಡುವ ತೀರ. ಅಲ್ಲಿ ಹೊಯಿಗೆಯ ಮೇಲೆ ಸೈಕಲ್ ಇಳಿಸಬೇಡಿ, ಕತ್ತಲಾದ ಮೇಲೆ ಹೆಡ್‌ಲೈಟನ್ನು ಕಡಲಿನತ್ತ ಹಾಯಿಸಬೇಡಿ.