ಬೆಂಗಳೂರಲ್ಲಿ 45ಕ್ಕೇ ಕೆಲಸ ಬಿಡಬೇಕೆಂದರೆ ಕೈಯಲ್ಲಿ ಎಷ್ಟು ದುಡ್ಡಿರಬೇಕು?

ಸ್ವಂತ ಮನೆ ಇದ್ದು, ಸಾಲವಿಲ್ಲದೆ, ತಿಂಗಳಿಗೆ 60,000 ರೂಪಾಯಿ ಖರ್ಚಿರುವ ಸಂಸಾರಕ್ಕೆ ಸುಮಾರು ಎರಡೂವರೆ ಕೋಟಿ. ಮಕ್ಕಳ ಕಾಲೇಜು, ಮದುವೆ ಇದರಲ್ಲಿ ಸೇರಿಲ್ಲ.

ವರ್ಷದ ಖರ್ಚು 7.2 ಲಕ್ಷ. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು ಎಂದು ಎಲ್ಲರೂ ಹೇಳುವ ಸೂತ್ರದಲ್ಲಿ ಇದು 1.8 ಕೋಟಿ. ಆದರೆ ಅದರ ಮೂಲ, 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಮೆರಿಕದ ಮಾರುಕಟ್ಟೆ ನೋಡಿ 30 ವರ್ಷದ ನಿವೃತ್ತಿಗೆ ಹಾಕಿದ ಲೆಕ್ಕ. 45ಕ್ಕೆ ಬಿಟ್ಟವರಿಗೆ 40 ವರ್ಷವಾದರೂ ದುಡ್ಡು ಬಾಳಬೇಕು. ಬೆಲೆಯೇರಿಕೆ ಶೇ 6 ಅಂದರೂ ಈಗಿನ 60,000 ನಿಮ್ಮ 57ಕ್ಕೆ 1.2 ಲಕ್ಷ, 69ಕ್ಕೆ 2.4 ಲಕ್ಷ ಆಗುತ್ತದೆ. ಅದಕ್ಕೇ ನಾನು ವರ್ಷದ ಖರ್ಚಿನ 35 ಪಟ್ಟು ಲೆಕ್ಕ ಹಾಕುವುದು, ಅದೇ ಆ ಎರಡೂವರೆ ಕೋಟಿ. ಅಷ್ಟನ್ನೂ ಎಫ್‌ಡಿಯಲ್ಲಿಟ್ಟರೆ ತೆರಿಗೆ, ಬೆಲೆಯೇರಿಕೆ ಕಳೆದು ಹೆಚ್ಚೇನೂ ಬೆಳೆಯುವುದಿಲ್ಲ. ಒಂದು ಭಾಗ ಷೇರು ಫಂಡಿನಲ್ಲಿರಲೇಬೇಕು.

ಬಾಡಿಗೆ ಮನೆಯಾದರೆ ಕಥೆಯೇ ಬೇರೆ. ಜಯನಗರದಲ್ಲಿ 30,000 ಬಾಡಿಗೆ ಕೊಡುತ್ತಿದ್ದರೆ ಇನ್ನೂ 1.26 ಕೋಟಿ ಸೇರಿಸಿ. ಇರುವ ಮನೆಯ ಬೆಲೆಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ, ಹಾಲ್ ಮಾರಿ ತರಕಾರಿ ತರೋಕಾಗಲ್ಲ.

ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತ ಪಾಲಿಸಿ ಈಗಲೇ ಮಾಡಿಸಿ. ಬಿಪಿ, ಶುಗರ್ ಬಂದ ಮೇಲೆ ಹೋದರೆ ಅವುಗಳ ಖರ್ಚಿಗೆ ಮೂರು ವರ್ಷದವರೆಗೂ ಕಾಯಿಸುತ್ತಾರೆ.