ಅಕ್ಕನಿಗೆ ‘ಶೀಪಲ್’ ಎಂದ ತಮ್ಮ

ಅಕ್ಕ–ತಮ್ಮ ಇಬ್ಬರೂ ಟೆಕ್ಸಾಸ್‌ನಲ್ಲಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. 2020ರ ಜುಲೈ 2ರಂದು ಅಲ್ಲಿನ ಗವರ್ನರ್ ಮಾಸ್ಕ್ ಕಡ್ಡಾಯ ಮಾಡಿದಾಗ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಹತ್ತಿತು. ಅಕ್ಕ ‘ಕೋವಿಡಿಯಟ್’ (ಕೋವಿಡ್, ಈಡಿಯಟ್ ಕೂಡಿಸಿದ ಪದ) ಎಂದಳು, ತಮ್ಮ ‘ಶೀಪಲ್’ ಎಂದ. 2021ರ ಮಾರ್ಚ್ 10ಕ್ಕೆ ಆದೇಶ ರದ್ದಾಯಿತು. ಬಿಟ್ಟ ಮಾತು ಹಾಗೇ ಉಳಿಯಿತು. ಇಂಥ ಮನೆಗಳು ಇನ್ನೂ ಕೌನ್ಸೆಲಿಂಗ್‌ಗೆ ನನ್ನ ಬಳಿ ಬರುತ್ತಿವೆ.

ಮೂರು ಸೆಷನ್ ತಮ್ಮ ಮಾಸ್ಕಿನ ವಾದವನ್ನೇ ಮಾಡಿದ. ನಾಲ್ಕನೆಯದರಲ್ಲಿ, “ಅದು ಇಲ್ಲಿ ಎಲ್ಲರೂ ಆಡುವ ಸ್ಲ್ಯಾಂಗ್ ಮೇಡಂ, ಬೈಗುಳ ಅಲ್ಲ” ಎಂದ. ಶೀಪ್, ಪೀಪಲ್ ಕೂಡಿಸಿದ ಪದ ಅದು. ಅಕ್ಕ ಎದುರಿಗೆ ಕೂತಿದ್ದಾಳೆ ಅಂದುಕೊಂಡು ಕನ್ನಡದಲ್ಲೇ ಹೇಳಿ ಎಂದೆ. “ಅಕ್ಕಾ, ನೀನೊಂದು ಕುರಿ” ಎಂದವನು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟ. ಆಮೇಲೆ, “ಆಗ ಭಾವನಿಗೆ ಡಯಾಲಿಸಿಸ್ ನಡೀತಿತ್ತು” ಎಂದ. ಮೂರು ಸೆಷನ್‌ನಲ್ಲಿ ಈ ಸಂಗತಿ ಒಮ್ಮೆಯೂ ಬಂದಿರಲಿಲ್ಲ.

ಇಂಗ್ಲಿಷಿನಲ್ಲಿ ಬೈದರೆ ಬೈದವನಿಗೆ ತಟ್ಟುವುದಿಲ್ಲ, ಬೈಸಿಕೊಂಡವರಿಗೆ ತಟ್ಟುತ್ತದೆ. 1918ರ ಫ್ಲೂ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ಹಾಕದವರನ್ನು ‘ಸ್ಲ್ಯಾಕರ್’ ಎಂದರು. ಅದು ಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡವರಿಗಿದ್ದ ಬೈಗುಳ. ಮಾಸ್ಕ್ ಸರಿಯಾಗಿ ಹಾಕದವರಿಗೆ ಕೋವಿಡ್ ಕಾಲದಲ್ಲಿ ಅಂದ ‘ಮಾಸ್ಕ್‌ಹೋಲ್’ ಕೂಡ ಅದೇ ಜಾತಿ. ಮಾಸ್ಕ್ ಹಾಕು ಎಂದರೆ ಹಾಕಬಹುದು, ಬಿಡಬಹುದು; ನೀನೇ ಇಂಥವನು ಎಂದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಹಾಗಾಗಿ ಸಲಹೆ ಹೀಗಿತ್ತು. ಮೆಸೇಜ್ ಬೇಡ, ಫೋನ್ ಮಾಡಿ. ಮೂರೇ ವಾಕ್ಯ: ಅಂದ ಪದವನ್ನು ಹೆಸರಿಟ್ಟು ಹೇಳಿ, ಭಾವನ ಸ್ಥಿತಿ ಗೊತ್ತಿದ್ದೂ ಹೇಳಿದೆ ಎಂದು ಒಪ್ಪಿಕೊಳ್ಳಿ, ತಪ್ಪಾಯಿತು ಅನ್ನಿ. ‘ಬೇಜಾರಾಗಿದ್ದರೆ ಸಾರಿ’ ಎಂದರೆ ಬೇಜಾರಾದದ್ದೇ ಅವಳ ತಪ್ಪಾಗುತ್ತದೆ. ‘ಆದರೆ’ ಬಂತೋ, ಮಾಸ್ಕಿನ ವಾದ ಮತ್ತೆ ಶುರು. ಗ್ರೂಪಿನ ಹಳೇ ಮೆಸೇಜ್ ಅಳಿಸಲು ಹೋಗಬೇಡಿ, ಅವಳ ಹತ್ತಿರ ಸ್ಕ್ರೀನ್‌ಶಾಟ್ ಇದ್ದೀತು. ಉತ್ತರ ಕೇಳಬೇಡಿ.

ಅಕ್ಕನೂ ಬೈದಿದ್ದಳಲ್ಲ, ಇವನೊಬ್ಬನೇ ಯಾಕೆ ಬಗ್ಗಬೇಕು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಎದುರು ಕೂತವನು ಅವನು. ಅವನ ಕೈಲಿರುವುದು ಅವನ ಮಾತು ಮಾತ್ರ. ಮಾಸ್ಕ್ ವಿಷಯದಲ್ಲಿ ಅಭಿಪ್ರಾಯ ಬದಲಿಸಿ ಎಂದು ನಾನು ಕೇಳಲೇ ಇಲ್ಲ.

ಗೌರಿ ಹಬ್ಬಕ್ಕೆ ಬಾಗಿನದ ದುಡ್ಡಿನ ಜೊತೆಗೇ ಕ್ಷಮೆ ಕೇಳಲಾ ಎಂದ. ಬೇಡ ಎಂದೆ. ಹಿಂದಿನ ವರ್ಷ ಅಕ್ಕ ಆ ದುಡ್ಡು ವಾಪಸ್ ಕಳಿಸಿದ್ದಳು. ಈ ಸಲ ಕಳಿಸಿದರೆ ಕ್ಷಮೆಯೂ ಅದರ ಜೊತೆಗೇ ವಾಪಸ್. ಹಬ್ಬಕ್ಕೆ ಎರಡು ವಾರ ಮೊದಲೇ ಫೋನ್ ಮಾಡಿ ಎಂದೆ.