ಶಿರಸಿಯ ಬೆಟ್ಟದಲ್ಲಿ ಕಾರ್ಕ್ ಓಕ್ ಆಗುತ್ತದೆಯೇ?

ತೋಟದ ಮೇಲಿನ ಬೆಟ್ಟದಲ್ಲಿ ಕಾರ್ಕ್ ಓಕ್ (ಬಾಟಲಿ ಬಿರಡೆಯ ಕಾರ್ಕ್ ಇದರ ತೊಗಟೆಯೇ) ಹಾಕಿದರೆ ಎಷ್ಟು ವರ್ಷಕ್ಕೆ ಆದಾಯ ಅಂತ ಕೇಳಿದ್ದೀರಿ. ಬಂದರೂ ಅದು ಮೊಮ್ಮಕ್ಕಳ ಕಾಲಕ್ಕೇ. ಪೋರ್ಚುಗಲ್, ಸ್ಪೇನ್‌ನಲ್ಲೇ ಮೊದಲ ಸಲ ತೊಗಟೆ ಸುಲಿಯಲು ಸುಮಾರು 25 ವರ್ಷ ಕಾಯುತ್ತಾರೆ. ಆಮೇಲೆ 9 ವರ್ಷಕ್ಕೊಮ್ಮೆ. ಮೊದಲ ಎರಡು ಸಲದ್ದು ಒರಟು. ನೆಲಹಾಸಿಗೆ, ಶಾಖ ತಡೆಯುವ ಹಲಗೆಗೆ ಹೋಗುತ್ತದೆ. ಬಾಟಲಿ ಬಿರಡೆಗೆ ಆಗುವುದು ಮೂರನೇ ಸಲದ್ದು, ಅಂದರೆ ಮರಕ್ಕೆ 40 ದಾಟಿದ ಮೇಲೆ. ಒಳಪದರಕ್ಕೆ ಕೊಡಲಿ ತಾಗದಿದ್ದರೆ ಮರ ಸಾಯುವುದಿಲ್ಲ, ತೊಗಟೆ ಮತ್ತೆ ಬರುತ್ತದೆ.

ನಮ್ಮಲ್ಲಿ ಮಳೆಯೇ ತೊಂದರೆ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಇಲ್ಲಿ ಉಲ್ಟಾ ಅಲ್ವಾ? ಜೂನ್‌ನಿಂದ ಮಳೆ ಸುರಿಯುತ್ತದೆ, ಚಳಿಗಾಲ ಒಣ. ಬುಡದಲ್ಲಿ ನೀರು ನಿಂತರೆ ಅದಕ್ಕೆ ಆಗದು.

ಅಂದಹಾಗೆ, ‘ಇಂಡಿಯನ್ ಕಾರ್ಕ್’ ಅಂತ ಯಾರಾದರೂ ಗಿಡ ಕೊಟ್ಟರೆ ಅದು ಆಕಾಶಮಲ್ಲಿಗೆ, ಬೇರೆಯೇ ಮರ. ಬೆಟ್ಟಕ್ಕೆ ಸುಮ್ನೆ ಮುರುಗಲು (ಕೋಕಂ), ಉಪ್ಪಾಗೆ ಹಾಕಿ. ಅವುಗಳ ಹಣ್ಣಿನ ಸಿಪ್ಪೆಗೆ ಗಿರಾಕಿ ಇದ್ದಾರೆ.